ಬಾರ್ ಎಷ್ಟು ಎತ್ತರ? ಅಜಿಲಿಟಿ ಸ್ಪರ್ಧೆಗೆ ನಾಯಿಯನ್ನು ಸೇರಿಸುವವರಿಗೆ ಮೂರು ನಿಯಮಾವಳಿಗಳ ಹೋಲಿಕೆ

ನಮ್ಮ ಮನೆಯ ಬೆಳ್ಳಿ ಬಸವನಗುಡಿಯ ಅಡ್ಡರಸ್ತೆಯೊಂದರಲ್ಲಿ ಹುಟ್ಟಿದ ದೇಸಿ ನಾಯಿ. ಅವಳ ಹೆಗಲೆತ್ತರ 48.5 ಸೆಂ.ಮೀ. ಈ ಒಂದೇ ಅಳತೆಯನ್ನು ಇಟ್ಟುಕೊಂಡು, ಒಡೆಯರ ಸನ್ನೆಯಂತೆ ನಾಯಿ ಬಾರ್ ಎಂಬ ಅಡ್ಡಕೋಲುಗಳನ್ನು ಹಾರುತ್ತಾ ಇತರ ಅಡೆತಡೆಗಳನ್ನೂ ದಾಟುತ್ತಾ ಓಡುವ ಅಜಿಲಿಟಿ ಆಟದ ಮೂರು ದೊಡ್ಡ ನಿಯಮಾವಳಿಗಳನ್ನು ತೆರೆದರೆ, ಅವಳು ಹಾರಬೇಕಾದ ಎತ್ತರಕ್ಕೆ ಒಂದೊಂದೂ ಒಂದೊಂದು ಉತ್ತರ ಕೊಡುತ್ತದೆ. ಬೆಲ್ಜಿಯಂನಲ್ಲಿ ಕೇಂದ್ರ ಕಚೇರಿಯಿರುವ ಅಂತರರಾಷ್ಟ್ರೀಯ ಶ್ವಾನ ಒಕ್ಕೂಟ, ಅಂದರೆ ಎಫ್‌ಸಿಐ, ಅವಳನ್ನು ಲಾರ್ಜ್ ವರ್ಗಕ್ಕೆ ಹಾಕಿ ಬಾರನ್ನು 55ರಿಂದ 60 ಸೆಂ.ಮೀ.ಗೆ ಏರಿಸುತ್ತದೆ. ಬ್ರಿಟನ್ನಿನ ಕೆನಲ್ ಕ್ಲಬ್ ಅವಳನ್ನು ಇಂಟರ್‌ಮೀಡಿಯೆಟ್ ವರ್ಗದಲ್ಲಿಟ್ಟು 50 ಸೆಂ.ಮೀ. ಸಾಕು ಎನ್ನುತ್ತದೆ. ಅಮೆರಿಕನ್ ಕೆನಲ್ ಕ್ಲಬ್, ಅಂದರೆ ಎಕೆಸಿ, ತನ್ನ ರೆಗ್ಯುಲರ್ ವಿಭಾಗದಲ್ಲಿ 20 ಅಂಗುಲ, ಅಂದರೆ 50.8 ಸೆಂ.ಮೀ. ಕೇಳುತ್ತದೆ, ಅದೇ ಸಂಸ್ಥೆಯ ಪ್ರಿಫರ್ಡ್ ವಿಭಾಗಕ್ಕೆ ಹೋದರೆ 16 ಅಂಗುಲಕ್ಕೆ, ಅಂದರೆ 40.6 ಸೆಂ.ಮೀ.ಗೆ ಇಳಿಸುತ್ತದೆ. ನಾಯಿ ಅದೇ, ಕಾಲುಗಳೂ ಅವೇ ನಾಲ್ಕು. ಆದರೆ ಅತಿ ಹೆಚ್ಚು ಮತ್ತು ಅತಿ ಕಡಿಮೆ ಎತ್ತರಗಳ ನಡುವೆ ಹತ್ತಿರ ಹತ್ತಿರ 20 ಸೆಂ.ಮೀ. ಅಂತರವಿದೆ.

ಬೆಂಗಳೂರಿನಲ್ಲಿ ಅಜಿಲಿಟಿ ಕಲಿಯುತ್ತಿರುವವರು ಈ ಅಂತರವನ್ನು ಸಾಮಾನ್ಯವಾಗಿ ತಡವಾಗಿ ಗಮನಿಸುತ್ತಾರೆ. ನಾನು ಕಂಡಂತೆ ಇಲ್ಲಿ ಕಲಿಸುವವರಲ್ಲಿ ಕೆಲವರು ಯುರೋಪಿನ ಪದ್ಧತಿಯನ್ನು ನೋಡಿ ಕಲಿತವರು, ಕೆಲವರು ಅಮೆರಿಕದ ಪದ್ಧತಿಯನ್ನು ನೋಡಿ ಕಲಿತವರು. ಹೀಗಾಗಿ ಒಂದು ಮೈದಾನದಲ್ಲಿ ಸೆಂಟಿಮೀಟರಿನ ಮಾತು, ಮತ್ತೊಂದರಲ್ಲಿ ಅಂಗುಲದ ಮಾತು. ಸ್ಪರ್ಧೆಗೆ ಹೆಸರು ಕೊಡುವ ಮೊದಲು ಆಯೋಜಕರನ್ನು ಕೇಳಬೇಕಾದ ಮೊದಲ ಪ್ರಶ್ನೆ ಶುಲ್ಕದ್ದಲ್ಲ, ಬಹುಮಾನದ್ದೂ ಅಲ್ಲ: ಯಾವ ನಿಯಮಾವಳಿಯ ಪ್ರಕಾರ ಬಾರ್ ಕಟ್ಟುತ್ತೀರಿ, ಮತ್ತು ನಾಯಿಯನ್ನು ಅಳೆಯುವವರು ಯಾರು? ಇದಕ್ಕೆ ಸ್ಪಷ್ಟ ಉತ್ತರ ಬಾರದಿದ್ದರೆ ಆ ಸ್ಪರ್ಧೆಯನ್ನು ಭಾನುವಾರದ ಮೋಜು ಎಂದುಕೊಂಡು ಹೋಗಬಹುದೇ ಹೊರತು ವರ್ಗದ ಲೆಕ್ಕಾಚಾರಕ್ಕೆ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ.

ಮೊದಲು ಅಳತೆ

ಯಾವ ನಿಯಮಾವಳಿಯನ್ನು ಆರಿಸಿಕೊಂಡರೂ ಲೆಕ್ಕ ಶುರುವಾಗುವುದು ಹೆಗಲೆತ್ತರದಿಂದ. ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಜಾಗದಲ್ಲಿ ಎರಡು ಹೆಗಲೆಲುಬುಗಳ ಮೇಲ್ತುದಿಗಳು ಬೆರಳಿಗೆ ಸಿಗುತ್ತವೆ. ಎತ್ತಿಗೆ ಸುಮಾರು ನೊಗ ಕೂರುವ ಜಾಗ ಎಂದರೆ ಹಳ್ಳಿಯಿಂದ ಬಂದವರಿಗೆ ಕೂಡಲೇ ತಿಳಿಯುತ್ತದೆ. ಅಲ್ಲಿಂದ ನೆಲಕ್ಕೆ ನೇರವಾಗಿ ಇರುವ ದೂರವೇ ಹೆಗಲೆತ್ತರ. ತಲೆಯ ಎತ್ತರಕ್ಕೂ ಇದಕ್ಕೂ ಸಂಬಂಧವಿಲ್ಲ. ನಾಯಿ ಕೊಂಡಾಗ ಮಾರಿದವರು ಹೇಳಿದ ಎತ್ತರವನ್ನು ಮರೆತುಬಿಡುವುದು ಒಳ್ಳೆಯದು, ಏಕೆಂದರೆ ಅದು ಬಹುಮಟ್ಟಿಗೆ ತಳಿಯ ಪುಸ್ತಕದ ಎತ್ತರವೇ ಹೊರತು ನಿಮ್ಮ ನಾಯಿಯದಲ್ಲ.

ಎರಡು ವರ್ಷಗಳ ಹಿಂದೆ ನಾನು ಬೆಳ್ಳಿಯನ್ನು ಮನೆಯಲ್ಲೇ ಅಳೆದೆ. ನಮ್ಮದು ಹಳೆಯ ಮನೆ, ರೆಡ್ ಆಕ್ಸೈಡ್ ನೆಲ, ಹತ್ತಾರು ವರ್ಷ ಒರೆಸಿ ಒರೆಸಿ ಗಾಜಿನಂತೆ ನುಣುಪಾಗಿದೆ. ಗೋಡೆಯ ಪಕ್ಕ ಅವಳನ್ನು ನಿಲ್ಲಿಸಿ, ಹೆಗಲಿನ ಮೇಲೆ ಬಡಗಿಯ ಮೂಲೆಮಟ್ಟವನ್ನು ಇಟ್ಟು, ಅದು ಗೋಡೆಗೆ ತಾಗಿದಲ್ಲಿ ಪೆನ್ಸಿಲಿನಿಂದ ಗೀಟು ಎಳೆದು, ಟೇಪಿನಿಂದ ಅಳೆದಾಗ 47 ಸೆಂ.ಮೀ. ಬಂತು. ಎಫ್‌ಸಿಐ ಲೆಕ್ಕದಲ್ಲಿ ಅದು ಇಂಟರ್‌ಮೀಡಿಯೆಟ್ ವರ್ಗ. ಅದೇ ವರ್ಗಕ್ಕೆ ಹೆಸರು ಕೊಟ್ಟು, ಮೂರು ತಿಂಗಳು 45 ಮತ್ತು 50ರ ಬಾರ್‌ಗಳ ಮೇಲೆ ಅಭ್ಯಾಸ ಮಾಡಿಸಿದೆ. ಸ್ಪರ್ಧೆಯ ದಿನ ತೀರ್ಪುಗಾರರು ಅವಳನ್ನು ಒರಟು ರಬ್ಬರ್ ಮ್ಯಾಟಿನ ಮೇಲೆ ನಿಲ್ಲಿಸಿ ಅಳತೆಯ ಚೌಕಟ್ಟನ್ನು ಇಳಿಸಿದಾಗ 48.5 ಬಂತು. ನುಣುಪು ನೆಲದ ಮೇಲೆ ಅವಳ ಕಾಲುಗಳು ಸ್ವಲ್ಪ ಸ್ವಲ್ಪವೇ ಹೊರಕ್ಕೆ ಜಾರಿ, ಮೈ ಒಂದೂವರೆ ಸೆಂ.ಮೀ. ಕೆಳಗಿಳಿದಿತ್ತು, ನಾನು ಅದನ್ನು ಗಮನಿಸಿಯೇ ಇರಲಿಲ್ಲ. ವರ್ಗ ಬದಲಾಯಿತು. ಅದುವರೆಗೂ ನೋಡಿಯೇ ಇರದ 60ರ ಬಾರ್‌ಗಳ ಮುಂದೆ ನಿಂತ ಅವಳು ಎರಡನ್ನು ಬೀಳಿಸಿದಳು. ತಲಾ 5ರಂತೆ 10 ತಪ್ಪಂಕ. ತಪ್ಪು ಅವಳದಲ್ಲ, ನಮ್ಮ ಮನೆಯ ನೆಲದ್ದು; ನೆಲಕ್ಕಿಂತ ಹೆಚ್ಚಾಗಿ ನನ್ನದು.

ಆದ್ದರಿಂದ ಅಳೆಯುವಾಗ ಜಾರದ ನೆಲ ಬೇಕು. ಚಾಪೆ ಮಡಚಿಕೊಳ್ಳುತ್ತದೆ, ಕಾರಿನೊಳಗಿನ ರಬ್ಬರ್ ಮ್ಯಾಟು ಇದ್ದರೆ ಸಾಕು. ಅದರ ಕೆಳಗಿನ ನೆಲ ಇಳಿಜಾರಾಗಿದೆಯೇ ಎಂಬುದನ್ನು ರಸಮಟ್ಟ ಇಟ್ಟು ನೋಡಬೇಕು, ಏಕೆಂದರೆ ನಮ್ಮ ಟೆರೇಸುಗಳಿಗೂ ಕಾರ್ ನಿಲ್ಲಿಸುವ ಜಾಗಗಳಿಗೂ ನೀರು ಹರಿಯಲೆಂದು ವಾಟ ಕೊಟ್ಟಿರುತ್ತಾರೆ. ಮುಂಗಾಲುಗಳು ನೆಲಕ್ಕೆ ನೇರವಾಗಿ ನಿಂತಿರಬೇಕು, ತಲೆ ಬಿಸ್ಕತ್ತಿಗಾಗಿ ಮೇಲಕ್ಕೂ ಎತ್ತಿರಬಾರದು, ಭಯದಿಂದ ಕೆಳಕ್ಕೂ ಬಾಗಿರಬಾರದು. ಮೂರು ಬೇರೆ ಬೇರೆ ದಿನ ಅಳೆದು, ಮೂರರಲ್ಲಿ ಹೆಚ್ಚಿನದನ್ನೇ ನಿಜವೆಂದು ಇಟ್ಟುಕೊಳ್ಳುವುದು ಕ್ಷೇಮ. ಅಪರಿಚಿತರೊಬ್ಬರು ಬೆನ್ನ ಮೇಲೆ ಚೌಕಟ್ಟು ತಂದಾಗ ಬಹಳಷ್ಟು ನಾಯಿಗಳು ಕುಗ್ಗುತ್ತವೆ. ಸ್ನೇಹಿತರ ಕೈಯಲ್ಲಿ ಒಂದು ಉದ್ದನೆಯ ಸ್ಕೇಲ್ ಕೊಟ್ಟು ದಿನವೂ ಬೆನ್ನಿಗೆ ಮುಟ್ಟಿಸಿ ತಿಂಡಿ ಕೊಟ್ಟರೆ ಎರಡು ವಾರದಲ್ಲಿ ಈ ಕುಗ್ಗುವಿಕೆ ಹೋಗುತ್ತದೆ.

ಮೂರು ನಿಯಮಾವಳಿಗಳು, ಮೂರು ಬಗೆಯ ಮೆಟ್ಟಿಲುಗಳು

ಅಜಿಲಿಟಿ ಹುಟ್ಟಿದ್ದು ಕುದುರೆಗಳ ಹಾರಾಟದ ಸ್ಪರ್ಧೆಯ ಅನುಕರಣೆಯಾಗಿ. 1978ರಲ್ಲಿ ಲಂಡನ್ನಿನ ಒಲಿಂಪಿಯಾದಲ್ಲಿ ನಡೆದ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ, ಮುಖ್ಯ ಕಾರ್ಯಕ್ರಮಗಳ ನಡುವಿನ ಬಿಡುವಿನಲ್ಲಿ ಪ್ರೇಕ್ಷಕರಿಗೆ ಬೇಸರವಾಗದಿರಲೆಂದು ಇದನ್ನು ಮೊದಲ ಬಾರಿಗೆ ಆಡಿಸಿ ತೋರಿಸಿದರು. ಆರಂಭದ ವರ್ಷಗಳಲ್ಲಿ ದೊಡ್ಡ ನಾಯಿಗಳಿಗೆ 30 ಅಂಗುಲದ, ಅಂದರೆ 76 ಸೆಂ.ಮೀ. ಎತ್ತರದ ಬಾರ್ ಇರುತ್ತಿತ್ತು. ಅಲ್ಲಿಂದೀಚೆಗೆ ಎಲ್ಲ ಕಡೆಯೂ ಎತ್ತರ ಇಳಿಯುತ್ತಲೇ ಬಂದಿದೆ, ವರ್ಗಗಳ ಸಂಖ್ಯೆ ಏರುತ್ತಲೇ ಬಂದಿದೆ. ಹಳೆಯ ಪುಸ್ತಕದಲ್ಲೋ ಹಳೆಯ ವೀಡಿಯೊದಲ್ಲೋ ಕಂಡ ಎತ್ತರವನ್ನು ನಂಬಬಾರದು ಎನ್ನುವುದಕ್ಕೆ ಇದೇ ಕಾರಣ.

ಎಫ್‌ಸಿಐ 2023ರಿಂದ ನಾಲ್ಕು ವರ್ಗಗಳನ್ನು ಇಟ್ಟಿದೆ. ಹೆಗಲೆತ್ತರ 35 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಸ್ಮಾಲ್, ಬಾರ್ 25ರಿಂದ 30. 35ರಿಂದ 43ರ ಒಳಗಿದ್ದರೆ ಮೀಡಿಯಂ, ಬಾರ್ 35ರಿಂದ 40. 43ರಿಂದ 48ರ ಒಳಗಿದ್ದರೆ ಇಂಟರ್‌ಮೀಡಿಯೆಟ್, ಬಾರ್ 45ರಿಂದ 50. 48 ಮತ್ತು ಅದಕ್ಕೂ ಮೇಲಿದ್ದರೆ ಲಾರ್ಜ್, ಬಾರ್ 55ರಿಂದ 60. ಇಂಟರ್‌ಮೀಡಿಯೆಟ್ ಎಂಬ ವರ್ಗ ಅದಕ್ಕೂ ಮೊದಲು ಇರಲಿಲ್ಲ, 43 ಸೆಂ.ಮೀ. ನಾಯಿಯೂ 65 ಸೆಂ.ಮೀ. ನಾಯಿಯೂ ಒಂದೇ ಬಾರನ್ನು ಹಾರಬೇಕಿತ್ತು. ನಮ್ಮ ಬೀದಿಯ ನಾಯಿಗಳಲ್ಲಿ, ಅದರಲ್ಲೂ ಹೆಣ್ಣುಗಳಲ್ಲಿ, ಬಹಳಷ್ಟು ಈ ಎತ್ತರದ ಆಸುಪಾಸಿನಲ್ಲೇ ಬರುವುದರಿಂದ ಬೇರೆ ಯಾರಿಗಿಂತಲೂ ದೇಸಿ ನಾಯಿ ಸಾಕಿದವರಿಗೆ ಈ ಬದಲಾವಣೆ ಹೆಚ್ಚು ಅನುಕೂಲವಾಗಿದೆ.

ಬ್ರಿಟನ್ನಿನದೂ ನಾಲ್ಕೇ ವರ್ಗ, ಆದರೆ ಗಡಿಗಳು ಬೇರೆ. 35 ಸೆಂ.ಮೀ.ವರೆಗೆ 30ರ ಬಾರ್, 43ರವರೆಗೆ 40ರ ಬಾರ್, 50ರವರೆಗೆ 50ರ ಬಾರ್, ಅದಕ್ಕೂ ಮೇಲೆ 60ರ ಬಾರ್. ಎಫ್‌ಸಿಐಯಲ್ಲಿರುವಂತೆ 55ರಿಂದ 60 ಎಂಬ ಸಡಿಲ ಇಲ್ಲಿಲ್ಲ, ಬಾರಿನ ಎತ್ತರ ನಿಗದಿಯಾಗಿರುತ್ತದೆ. ದೊಡ್ಡ ವರ್ಗದ ಗಡಿ 48ರ ಬದಲು 50ರಲ್ಲಿರುವುದು ಕಾಗದದ ಮೇಲೆ ಸಣ್ಣ ವ್ಯತ್ಯಾಸ. ಬೆಳ್ಳಿಯಂಥ ನಾಯಿಗೆ ಅದೇ 10 ಸೆಂ.ಮೀ. ವ್ಯತ್ಯಾಸ.

ಎಕೆಸಿಯ ಮೆಟ್ಟಿಲುಗಳು 4 ಅಂಗುಲಕ್ಕೊಂದರಂತೆ ಇವೆ. ರೆಗ್ಯುಲರ್ ವಿಭಾಗದಲ್ಲಿ ಹೆಗಲೆತ್ತರ 11 ಅಂಗುಲದವರೆಗಿನ ನಾಯಿಗೆ 8 ಅಂಗುಲದ ಬಾರ್, 14ರವರೆಗೆ 12, 18ರವರೆಗೆ 16, 22ರವರೆಗೆ 20, ಅದಕ್ಕೂ ಎತ್ತರವಿದ್ದರೆ 24. ಪ್ರಿಫರ್ಡ್ ವಿಭಾಗದಲ್ಲಿ ಪ್ರತಿಯೊಂದು ವರ್ಗಕ್ಕೂ ಒಂದು ಮೆಟ್ಟಿಲು, ಅಂದರೆ 4 ಅಂಗುಲ ಕಡಿಮೆ. ನಾಯಿಯ ಅಳತೆ ಹೇಳುವುದಕ್ಕಿಂತ ಹೆಚ್ಚಿನ ಎತ್ತರಕ್ಕೆ ಹೆಸರು ಕೊಡಲು ಇಲ್ಲಿ ಅವಕಾಶವಿದೆ. ಕಡಿಮೆ ಎತ್ತರ ಬೇಕೆಂದರೆ ಪ್ರಿಫರ್ಡ್ ಒಂದೇ ದಾರಿ.

ಒಂದು ಮಾತನ್ನು ಹೊಸಬರು ಮರೆಯುತ್ತಾರೆ. ಎತ್ತರದ ವರ್ಗ ಬದಲಾದಾಗ ಬದಲಾಗುವುದು ಬಾರ್‌ಗಳು, ನಾಯಿ ತೂರಿ ಹಾರುವ ಟೈರು, ಉದ್ದಕ್ಕೆ ಹಾರುವ ಲಾಂಗ್ ಜಂಪ್ ಇಂಥವು ಮಾತ್ರ. ಎಫ್‌ಸಿಐ ನಿಯಮದಲ್ಲಿ ಎ-ಫ್ರೇಮಿನ, ಅಂದರೆ ನಾಯಿ ಒಂದು ಬದಿಯಿಂದ ಹತ್ತಿ ಇನ್ನೊಂದು ಬದಿಗೆ ಇಳಿಯುವ ಇಳಿಜಾರು ಹಲಗೆಗಳ ಜೋಡಿಯ, ನೆತ್ತಿ ಎಲ್ಲ ನಾಯಿಗೂ 1.70 ಮೀಟರ್, ಶಿಟ್ಜುವಿಗೂ ಅಷ್ಟೇ, ಜರ್ಮನ್ ಶೆಫರ್ಡಿಗೂ ಅಷ್ಟೇ. ಹೀಗಾಗಿ ಸಣ್ಣ ನಾಯಿಗೆ ಬಾರ್ ಸುಲಭವಾದ ಮಾತ್ರಕ್ಕೆ ಇಡೀ ಓಟ ಸುಲಭವಾಯಿತೆಂದು ತಿಳಿಯಬಾರದು.

ಗಡಿಯ ಯಾವ ಬದಿಯಲ್ಲಿ ನಿಮ್ಮ ನಾಯಿ?

ವರ್ಗದ ಹೆಸರಿಗಿಂತ ಮುಖ್ಯವಾದದ್ದು ಆ ವರ್ಗದೊಳಗೆ ನಿಮ್ಮ ನಾಯಿ ಎಲ್ಲಿ ನಿಂತಿದೆ ಎಂಬುದು. ಬಾರಿನ ಎತ್ತರವನ್ನು ಹೆಗಲೆತ್ತರದಿಂದ ಭಾಗಿಸಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಎಫ್‌ಸಿಐ ಲಾರ್ಜ್ ವರ್ಗದಲ್ಲಿ 48 ಸೆಂ.ಮೀ. ನಾಯಿ 60ರ ಬಾರನ್ನು ಹಾರಿದರೆ ಅದು ತನ್ನ ಎತ್ತರದ ಶೇ. 125ರಷ್ಟನ್ನು ಹಾರುತ್ತದೆ. ಅದೇ ಬಾರನ್ನು 65 ಸೆಂ.ಮೀ. ನಾಯಿ ಹಾರಿದರೆ ಶೇ. 92 ಮಾತ್ರ. ಮೊದಲನೆಯದು ಪ್ರತಿ ಬಾರಿಯೂ ಹಿಂಗಾಲನ್ನು ಒಟ್ಟುಗೂಡಿಸಿ ಮೇಲಕ್ಕೆ ಚಿಮ್ಮಬೇಕು, ಎರಡನೆಯದಕ್ಕೆ ಅದು ಓಟದ ನಡುವಿನ ಒಂದು ದೊಡ್ಡ ಹೆಜ್ಜೆ. ಎಫ್‌ಸಿಐ ಓಟವೊಂದರಲ್ಲಿ 15ರಿಂದ 22 ಅಡೆತಡೆಗಳಿರುತ್ತವೆ, ಅವುಗಳಲ್ಲಿ ಹೆಚ್ಚಿನವು ಬಾರ್‌ಗಳೇ. ಒಂದು ದಿನಕ್ಕೆ ಎರಡು ಓಟ ಎಂದುಕೊಂಡರೂ ನೆಲಕ್ಕೆ ಇಳಿದಾಗಲೆಲ್ಲ ಮುಂಗಾಲು ಮತ್ತು ಹೆಗಲಿನ ಕೀಲುಗಳು ಹೊರುವ ಭಾರವನ್ನು ನೀವೇ ಲೆಕ್ಕ ಹಾಕಬಹುದು.

ಈ ಭಾಗಾಕಾರವನ್ನು ಬೆಳ್ಳಿಗೆ ಅನ್ವಯಿಸಿದರೆ ಎಫ್‌ಸಿಐಯ 60ರಲ್ಲಿ ಶೇ. 124, ಬ್ರಿಟನ್ನಿನ 50ರಲ್ಲಿ ಶೇ. 103, ಎಕೆಸಿ ರೆಗ್ಯುಲರ್‌ನಲ್ಲಿ ಶೇ. 105, ಪ್ರಿಫರ್ಡ್‌ನಲ್ಲಿ ಶೇ. 84. ಶೇ. 110ರ ಒಳಗಿದ್ದರೆ ಆರೋಗ್ಯವಂತ, ತೆಳುಮೈಯ ನಾಯಿಗೆ ತೊಂದರೆಯಿಲ್ಲ, ಅದನ್ನು ಮೀರಿದರೆ ಯೋಚಿಸಬೇಕು ಎಂಬುದು ನಾನು ನನ್ನ ನಾಯಿಗಳಿಗೆ ಇಟ್ಟುಕೊಂಡಿರುವ ಗೆರೆ. ಇದು ಯಾವ ನಿಯಮಪುಸ್ತಕದಲ್ಲೂ ಇಲ್ಲ, ನನ್ನ ಅನುಭವದ ಗೆರೆ ಅಷ್ಟೇ.

ಬೆಂಗಳೂರಿನ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಕೆಲವು ನಾಯಿಗಳನ್ನು ಇದೇ ತಕ್ಕಡಿಗೆ ಹಾಕಿ ನೋಡೋಣ. 26 ಸೆಂ.ಮೀ. ಎತ್ತರದ ಶಿಟ್ಜು ಎಫ್‌ಸಿಐಯಲ್ಲಿ 30ರವರೆಗಿನ ಬಾರನ್ನು ಎದುರಿಸಬೇಕಾಗಬಹುದು, ಬ್ರಿಟನ್ನಿನಲ್ಲಿ 30ನ್ನು ಹಾರಲೇಬೇಕು, ಅಂದರೆ ಶೇ. 115. ಎಕೆಸಿಯಲ್ಲಿ ಅದೇ ನಾಯಿಗೆ 8 ಅಂಗುಲ, ಅಂದರೆ 20 ಸೆಂ.ಮೀ. ಸಾಕು, ಶೇ. 78. ತೀರಾ ಪುಟ್ಟ ನಾಯಿಗಳ ಮಟ್ಟಿಗೆ ಅಮೆರಿಕದ ಪದ್ಧತಿಯೇ ಹೆಚ್ಚು ಕರುಣೆಯದ್ದು ಎಂದು ನನಗೆ ಅನಿಸುತ್ತದೆ, ಇದರಲ್ಲಿ ನನಗೆ ಸಂದೇಹವಿಲ್ಲ. ಡ್ಯಾಷ್‌ಹುಂಡ್ ಸಾಕಿದವರಿಗೆ ಮಾತ್ರ ಬೇರೆ ಸಲಹೆ. ಉದ್ದ ಬೆನ್ನು, ಗಿಡ್ಡ ಕಾಲಿನ ಈ ತಳಿಯಲ್ಲಿ ಬೆನ್ನುಹುರಿಯ ಡಿಸ್ಕ್ ಜಾರುವ ತೊಂದರೆ ಹೆಚ್ಚಾಗಿರುವುದರಿಂದ ಎತ್ತರ ಎಷ್ಟು ಎಂದು ಕೇಳುವ ಮೊದಲು ಹಾರಿಸಬಹುದೇ ಎಂದು ಪಶುವೈದ್ಯರನ್ನು ಕೇಳಬೇಕು. ಪೊಮೆರೇನಿಯನ್‌ಗಳಲ್ಲಿ ಮಂಡಿಚಿಪ್ಪು ಜಾರುವುದು ಸಾಮಾನ್ಯ. ಓಡುತ್ತಾ ಓಡುತ್ತಾ ಒಂದು ಹಿಂಗಾಲನ್ನು ಎತ್ತಿಕೊಂಡು ನಾಲ್ಕು ಹೆಜ್ಜೆ ಕುಂಟಿ ಮತ್ತೆ ಸರಿಯಾಗುವ ನಾಯಿಯನ್ನು ಬಾರಿನ ಮುಂದೆ ನಿಲ್ಲಿಸಬಾರದು.

ಬೀಗಲ್‌ಗಳ ಕಥೆ ಸ್ವಾರಸ್ಯದ್ದು, ಏಕೆಂದರೆ ಈ ತಳಿಯ ಎತ್ತರ ಸುಮಾರು 33ರಿಂದ 40 ಸೆಂ.ಮೀ. ನಡುವೆ ಇದ್ದು ಎಲ್ಲ ನಿಯಮಾವಳಿಗಳ ಗಡಿಗಳೂ ಸರಿಯಾಗಿ ಅದರ ಮಧ್ಯೆಯೇ ಹಾದುಹೋಗುತ್ತವೆ. 34.5 ಸೆಂ.ಮೀ. ಬೀಗಲ್ ಎಫ್‌ಸಿಐಯಲ್ಲಿ ಸ್ಮಾಲ್, ಬ್ರಿಟನ್ನಿನಲ್ಲಿ 30ರ ಬಾರ್, ಎಕೆಸಿಯಲ್ಲಿ 12 ಅಂಗುಲ, ಮೂರರಲ್ಲೂ ಆರಾಮ. ಅದೇ ಹೆರಿಗೆಯ ಅಣ್ಣ 36 ಸೆಂ.ಮೀ. ಇದ್ದರೆ ಮೂರರಲ್ಲೂ ಒಂದು ಮೆಟ್ಟಿಲು ಮೇಲೆ ಹೋಗಿ 40 ಸೆಂ.ಮೀ. ಆಸುಪಾಸಿನ ಬಾರಿಗೆ, ಅಂದರೆ ಶೇ. 111ಕ್ಕೆ ಬಂದು ನಿಲ್ಲುತ್ತಾನೆ. ಅವನಿಗೆ ಪ್ರಿಫರ್ಡ್ ವಿಭಾಗದ 12 ಅಂಗುಲ ಹೇಳಿ ಮಾಡಿಸಿದಂತಿರುತ್ತದೆ. ಬೀಗಲ್‌ಗಳಿಗೆ ಊಟದ ಆಸೆ ಹೆಚ್ಚು, ನಮ್ಮಲ್ಲಿ ಅವುಗಳಿಗೆ ತಿನ್ನಿಸುವ ಅಜ್ಜಿಯರೂ ಹೆಚ್ಚು. ಪಕ್ಕೆಲುಬುಗಳು ಬೆರಳಿಗೆ ಸಿಗದಷ್ಟು ಮೈ ತುಂಬಿಕೊಂಡ ಬೀಗಲ್‌ಗೆ ಈ ಶೇಕಡಾವಾರಿನ ಲೆಕ್ಕವೇ ಅನ್ವಯಿಸುವುದಿಲ್ಲ.

ಲ್ಯಾಬ್ರಡಾರ್‌ನ ಪ್ರಶ್ನೆಯೂ ಎತ್ತರಕ್ಕಿಂತ ತೂಕದ್ದೇ. 55 ಸೆಂ.ಮೀ. ಹೆಣ್ಣು ಎಕೆಸಿಯ 22 ಅಂಗುಲದ ಗಡಿಯ ಒಳಗೆ ಬರುವುದರಿಂದ 20 ಅಂಗುಲ ಹಾರಿದರೆ ಸಾಕು, 57 ಸೆಂ.ಮೀ. ಗಂಡು ಆ ಗಡಿಯನ್ನು ದಾಟುವುದರಿಂದ 24 ಅಂಗುಲ, ಅಂದರೆ 61 ಸೆಂ.ಮೀ. ಹಾರಬೇಕು. ಶೇಕಡಾವಾರು 107 ಎಂದು ಕಂಡರೂ 30 ಕೆಜಿ ಮೀರಿದ ಮೈ ಅಷ್ಟೆತ್ತರದಿಂದ ಇಳಿಯುವುದು ಬೇರೆಯೇ ಸಂಗತಿ. ಲ್ಯಾಬ್ರಡಾರ್ ಮತ್ತು ಜರ್ಮನ್ ಶೆಫರ್ಡ್‌ಗಳಿಗೆ ಸೊಂಟದ ಕೀಲಿನ ಎಕ್ಸ್‌-ರೇ ಮಾಡಿಸದೆ ಯಾವ ವರ್ಗಕ್ಕೂ ಹೆಸರು ಕೊಡಬೇಡಿ ಎನ್ನುವೆ.

ನಮ್ಮ ಬಾಗಲಕೋಟೆ ಸೀಮೆಯ ಮುಧೋಳ ನಾಯಿಗೆ ಇದರ ತದ್ವಿರುದ್ಧ ಸಮಸ್ಯೆ. ಎತ್ತರ ಅದಕ್ಕೆ ಲೆಕ್ಕಕ್ಕೇ ಇಲ್ಲ, 68 ಸೆಂ.ಮೀ. ನಾಯಿಗೆ 60ರ ಬಾರ್ ಶೇ. 88. ಆದರೆ ಬಯಲಿನಲ್ಲಿ ಮೊಲದ ಹಿಂದೆ ನೇರವಾಗಿ ಓಡಲೆಂದು ಬೆಳೆದ ಮೈ ಅದು. ಒಂದು ಬಾರಿನಿಂದ ಇಳಿದ ಕೂಡಲೇ ಸುಳಿದು ತಿರುಗಿ ಮತ್ತೊಂದಕ್ಕೆ ಹೋಗುವುದು, ಸಾಲಾಗಿ ನೆಟ್ಟ 12 ವೀವ್ ಪೋಲ್‌ಗಳ ನಡುವೆ ಹಾವಿನಂತೆ ನುಸುಳುವುದು ಅದರ ಉದ್ದ ಬೆನ್ನಿಗೆ ಕಷ್ಟ. ಮುಧೋಳ ಸಾಕಿದವರು ಬಾರಿನ ಎತ್ತರಕ್ಕೆ ಕೊಡುವ ಗಮನವನ್ನು ತಿರುವುಗಳಿಗೆ ಕೊಟ್ಟರೆ ಒಳಿತು.

ರೆಗ್ಯುಲರೋ, ಪ್ರಿಫರ್ಡೋ?

ಕಡಿಮೆ ಎತ್ತರದ ವಿಭಾಗವನ್ನು ಆರಿಸಿಕೊಂಡರೆ ನಮ್ಮಲ್ಲಿ ಜನ ಅದನ್ನು ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದಂತೆ ನೋಡುತ್ತಾರೆ. ‘ಯಾಕೆ ಸಾರ್, ಇವಳಿಗೆ ಹಾರೋಕಾಗಲ್ವಾ?’ ಎಂದು ಮೈದಾನದ ಅಂಚಿನಲ್ಲಿ ನಿಂತವರು ಕೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ಆಗುತ್ತದೆ, ಹಾರಲು ಆಗುವುದು ಬೇರೆ, ಐದಾರು ವರ್ಷ ಹಾರುತ್ತಲೇ ಇರಲು ಆಗುವುದು ಬೇರೆ. ಎಕೆಸಿಯಲ್ಲಿ ಪ್ರಿಫರ್ಡ್‌ಗೆ ತನ್ನದೇ ಆದ ಬಿರುದುಗಳಿವೆ, ಕೊನೆಯ ಚಾಂಪಿಯನ್ ಬಿರುದಿನವರೆಗೂ ಇವೆ. ಓಡುವ ದಾರಿ ಅದೇ, ಅಡೆತಡೆಗಳ ಕ್ರಮ ಅದೇ. ಏಳು ವರ್ಷ ದಾಟಿದ ನಾಯಿ, ಹಿಂದೆ ಪೆಟ್ಟಾಗಿದ್ದ ನಾಯಿ, ಮೈ ಭಾರದ ನಾಯಿ, ಮೊದಲ ಬಾರಿಗೆ ಜನಸಂದಣಿಯ ನಡುವೆ ಓಡಲಿರುವ ನಾಯಿ ಇವುಗಳಿಗೆ ಪ್ರಿಫರ್ಡ್ ಅಥವಾ ಅದಕ್ಕೆ ಸಮನಾದ ಕಡಿಮೆ ಎತ್ತರವೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಇದಕ್ಕೊಂದು ಲೆಕ್ಕದ ಕಾರಣವೂ ಇದೆ. ಎಫ್‌ಸಿಐಯಲ್ಲೂ ಬ್ರಿಟನ್ನಿನಲ್ಲೂ ಬಾರ್ ಬಿದ್ದರೆ 5 ತಪ್ಪಂಕ, ಓಟ ಮುಂದುವರಿಯುತ್ತದೆ, ಫಲಿತಾಂಶವೂ ಸಿಗುತ್ತದೆ. ಎಕೆಸಿಯ ಸ್ಟ್ಯಾಂಡರ್ಡ್ ಓಟದಲ್ಲಿ ಒಂದೇ ಒಂದು ಬಾರ್ ಬಿದ್ದರೂ ಆ ಓಟ ಬಿರುದಿಗೆ ಬೇಕಾದ ಅರ್ಹತೆಯ ಲೆಕ್ಕಕ್ಕೆ ಸೇರುವುದಿಲ್ಲ. ಎತ್ತರದ ವಿಷಯದಲ್ಲಿ ಮೃದುವಾಗಿರುವ ನಿಯಮಾವಳಿ ಬಾರ್ ಬೀಳಿಸುವ ವಿಷಯದಲ್ಲಿ ಕಠಿಣ. ಆದ್ದರಿಂದ ಅದರ ಅಡಿಯಲ್ಲಿ ಓಡುವಾಗ ಪ್ರತಿಷ್ಠೆಗಾಗಿ ಎತ್ತರ ಏರಿಸಿಕೊಳ್ಳುವುದು ನಷ್ಟದ ವ್ಯಾಪಾರ.

ಎತ್ತರದ ಜೊತೆಗೆ ಆರಿಸಿಕೊಳ್ಳಬೇಕಾದ ಇನ್ನೊಂದು, ಯಾವ ಓಟ ಎಂಬುದು. ಎಫ್‌ಸಿಐಯಲ್ಲಿ ಅಜಿಲಿಟಿ ಮತ್ತು ಜಂಪಿಂಗ್ ಎಂದು ಎರಡು, ಎಕೆಸಿಯಲ್ಲಿ ಸ್ಟ್ಯಾಂಡರ್ಡ್ ಮತ್ತು ಜಂಪರ್ಸ್ ವಿತ್ ವೀವ್ಸ್ ಎಂದು ಮುಖ್ಯವಾಗಿ ಎರಡು. ಎರಡೂ ಕಡೆ ಎರಡನೆಯ ಓಟದಲ್ಲಿ ಎ-ಫ್ರೇಮ್, ಡಾಗ್ ವಾಕ್ ಎಂಬ ಕಿರಿದಾದ ಹಲಗೆ ಸೇತುವೆ, ಏರಿಳಿಯುವ ಸೀಸಾ ಹಲಗೆ ಇರುವುದಿಲ್ಲ. ಸೀಸಾದ ಹಲಗೆ ದಡ್ಡೆಂದು ನೆಲಕ್ಕೆ ಬಡಿಯುವ ಸದ್ದಿಗೆ ದೀಪಾವಳಿಯ ಪಟಾಕಿಗೆ ಹೆದರಿದಂತೆ ಹೆದರುವ ನಾಯಿಗಳಿಗೆ ಜಂಪಿಂಗ್ ಓಟದಿಂದ ಶುರುಮಾಡುವುದು ವಾಸಿ. ಆದರೆ ಆ ಓಟದಲ್ಲಿ ಬಾರ್‌ಗಳೇ ಹೆಚ್ಚು, ವೇಗವೂ ಹೆಚ್ಚು. ಶೇ. 110 ಮೀರಿದ ನಾಯಿಗೆ ಅದು ಸುಲಭದ ಓಟವಲ್ಲ ಎಂಬುದನ್ನೂ ನೆನಪಿಡಬೇಕು.

ವಯಸ್ಸು, ಅಭ್ಯಾಸ, ಊರಿನ ಹವೆ

ಎಫ್‌ಸಿಐ ಮತ್ತು ಬ್ರಿಟನ್ನಿನ ನಿಯಮದಲ್ಲಿ ನಾಯಿಗೆ 18 ತಿಂಗಳು, ಎಕೆಸಿಯಲ್ಲಿ 15 ತಿಂಗಳು ತುಂಬಿರಬೇಕು. ಇದು ಕಾಗದದ ಶಾಸ್ತ್ರವಲ್ಲ. ಎಲುಬಿನ ತುದಿಗಳಲ್ಲಿರುವ ಬೆಳವಣಿಗೆಯ ಪದರಗಳು ಸಣ್ಣ ತಳಿಗಳಲ್ಲಿ ಬೇಗ, ದೊಡ್ಡ ತಳಿಗಳಲ್ಲಿ ಒಂದರಿಂದ ಒಂದೂವರೆ ವರ್ಷದ ಹೊತ್ತಿಗೆ ಗಟ್ಟಿಯಾಗುತ್ತವೆ. ಅದಕ್ಕೂ ಮೊದಲು ಎತ್ತರದ ಬಾರ್ ಹಾರಿಸಿದರೆ ಆಗುವ ಹಾನಿಯನ್ನು ಆಮೇಲೆ ಸರಿಪಡಿಸಲಾಗದು. ಒಂಬತ್ತು ತಿಂಗಳ ಮರಿಯನ್ನು 50ರ ಬಾರ್ ಹಾರಿಸಿ ವೀಡಿಯೊ ಮಾಡಿಸುವ ತರಬೇತುದಾರರು ಸಿಕ್ಕರೆ ಕೊಟ್ಟ ಹಣದ ಆಸೆ ಬಿಟ್ಟು ಅಲ್ಲಿಂದ ಹೊರಡಬೇಕು. ಮರಿಗೆ ಬಾರನ್ನು ನೆಲದ ಮೇಲಿಟ್ಟೇ ದಾರಿ, ತಿರುವು, ಕೈಸನ್ನೆ ಎಲ್ಲವನ್ನೂ ಕಲಿಸಬಹುದು.

ಮನೆಯ ಅಭ್ಯಾಸಕ್ಕೆ ಹಾರ್ಡ್‌ವೇರ್ ಅಂಗಡಿಯ ಪಿವಿಸಿ ಪೈಪು ಸಾಕು. ಅದನ್ನು ಕಂಬಕ್ಕೆ ದಾರದಿಂದ ಕಟ್ಟಬಾರದು, ರಂಧ್ರದೊಳಗೆ ತೂರಿಸಲೂಬಾರದು. ಕಾಲು ತಾಗಿದ ಕೂಡಲೇ ಬೀಳುವಂತೆ ಸಣ್ಣ ಕ್ಲಿಪ್ಪಿನ ಮೇಲೆ ಸುಮ್ಮನೆ ಕುಳಿತಿರಬೇಕು. ವಾರದ ಹೆಚ್ಚಿನ ಅಭ್ಯಾಸ ಸ್ಪರ್ಧೆಯ ಎತ್ತರಕ್ಕಿಂತ 10 ಸೆಂ.ಮೀ. ಕೆಳಗೇ ಇರಲಿ, ಪೂರ್ತಿ ಎತ್ತರ ವಾರಕ್ಕೆ ಒಂದೆರಡು ದಿನ, ಅದೂ ಹತ್ತಾರು ಹಾರಾಟದೊಳಗೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ತಂಪಿನ ಊರು ಎಂಬ ಹೆಸರೂ ಇದೆ. ಅದನ್ನು ನಂಬಿ ಏಪ್ರಿಲ್ ಮಧ್ಯಾಹ್ನದಲ್ಲಿ ನಾಯಿಯನ್ನು ಓಡಿಸಬಾರದು. ನಾಯಿ ಮೈ ತಣಿಸಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ; ಪಗ್, ಬಾಕ್ಸರ್, ಶಿಟ್ಜುವಿನಂಥ ಮೊಂಡುಮೂಗಿನ ನಾಯಿಗಳಿಗೆ ಅದೂ ಸರಿಯಾಗಿ ಆಗದು. ಮಾರ್ಚಿನಿಂದ ಮೇವರೆಗೆ ಬೆಳಗಿನ ಓಟವಿರುವ ಸ್ಪರ್ಧೆಯನ್ನೇ ಆರಿಸಿಕೊಳ್ಳಬೇಕು. ಮಳೆ ಬಿದ್ದ ಮರುದಿನದ ಕೆಮ್ಮಣ್ಣಿನ ಮೈದಾನ ಇನ್ನೊಂದು ಬಗೆಯ ಅಪಾಯ. ನೆಗೆಯುವ ಮುನ್ನ ಹಿಂಗಾಲು ಜಾರಿದರೆ 40ರ ಬಾರೂ 60ರಷ್ಟೇ ಕಷ್ಟ.

ಅರ್ಜಿ ತುಂಬುವಾಗ

ತಳಿಯ ದಾಖಲೆಯಿಲ್ಲದ ನಾಯಿಗಳ ಪ್ರಶ್ನೆ ಮೊದಲು ಬರುತ್ತದೆ. ಎಕೆಸಿ ತನ್ನ ಕೆನೈನ್ ಪಾರ್ಟ್‌ನರ್ಸ್ ನೋಂದಣಿಯ ಮೂಲಕ, ಬ್ರಿಟನ್ ತನ್ನ ಆಕ್ಟಿವಿಟಿ ರಿಜಿಸ್ಟರ್ ಮೂಲಕ ಮಿಶ್ರತಳಿಗಳನ್ನು ಸೇರಿಸಿಕೊಳ್ಳುತ್ತವೆ. ಎಫ್‌ಸಿಐಯ ವಿಶ್ವ ಚಾಂಪಿಯನ್‌ಷಿಪ್‌ಗೆ ವಂಶಾವಳಿ ಬೇಕೇ ಬೇಕು, ಯುರೋಪಿಯನ್ ಓಪನ್‌ಗೆ ಬೇಡ. ನಮ್ಮ ಊರಿನ ಸ್ಪರ್ಧೆಗಳಲ್ಲಿ ಇದು ಆಯೋಜಕರನ್ನು ಅವಲಂಬಿಸಿದ್ದು, ಬಾಯಿಮಾತಿನ ಭರವಸೆಗಿಂತ ಬರಹದಲ್ಲಿ ಉತ್ತರ ಪಡೆಯುವುದು ಒಳ್ಳೆಯದು. ಹೆಣ್ಣು ನಾಯಿ ಬೆದೆಗೆ ಬಂದಿದ್ದರೆ ಎಕೆಸಿ ಒಳಗೇ ಬಿಡುವುದಿಲ್ಲ, ಎಫ್‌ಸಿಐ ಎಲ್ಲರ ಕೊನೆಯಲ್ಲಿ ಓಡಲು ಬಿಡುತ್ತದೆ. ಶುಲ್ಕ ಹಿಂತಿರುಗಿಸುತ್ತಾರೆಯೇ ಎಂಬುದನ್ನೂ ಆಗಲೇ ಕೇಳಿಬಿಡಿ. ರೇಬೀಸ್ ಲಸಿಕೆಯ ಪ್ರಮಾಣಪತ್ರದ ಪ್ರತಿ ಕೈಯಲ್ಲಿರಲಿ.

ಇಷ್ಟೆಲ್ಲ ತೂಗಿ ನೋಡಿದ ಮೇಲೆ ಬೆಳ್ಳಿಯ ಮಟ್ಟಿಗೆ ನಾನು ಬಂದಿರುವ ತೀರ್ಮಾನ ಇದು: 50ರ ಬಾರಿಗೆ ಅವಕಾಶವಿರುವ ಸ್ಪರ್ಧೆ ಸಿಕ್ಕರೆ ಅದಕ್ಕೆ ಸೇರಿಸುವುದು, ಎಫ್‌ಸಿಐ ಪದ್ಧತಿಯದ್ದಾದರೆ ಬಾರನ್ನು 55ಕ್ಕೆ ಕಟ್ಟುತ್ತೀರೋ 60ಕ್ಕೋ ಎಂದು ಮೊದಲೇ ವಿಚಾರಿಸಿ 55 ಎಂದರೆ ಮಾತ್ರ ಹೋಗುವುದು. ಕಳೆದ ತಿಂಗಳು ತುಂಬಿದ ಅರ್ಜಿಯ ಎತ್ತರದ ಕಾಲಮ್ಮಿನಲ್ಲಿ 48.5 ಎಂದು ಬರೆದು, ಯಾರೂ ಕೇಳದಿದ್ದರೂ ಪಕ್ಕದಲ್ಲಿ ‘ರಬ್ಬರ್ ಮ್ಯಾಟಿನ ಮೇಲೆ’ ಎಂದು ಸೇರಿಸಿದ್ದೇನೆ.